ಅಂತರ್ಜಾಲ ವಿಳಾಸಸಂಖ್ಯೆಗಳ ವಲಯಾಂತರ ವರ್ಗಾವಣೆ: ‘ಅಗತ್ಯ’ವೆಂಬ ತತ್ತ್ವದ ಚರಿತ್ರೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವು ತನ್ನ ವಶದಲ್ಲಿದ್ದ 1,67,77,216 ಅಂತರ್ಜಾಲ ವಿಳಾಸಸಂಖ್ಯೆಗಳ ಇಡೀ ಖಂಡವೊಂದನ್ನು 2000ನೆಯ ಇಸವಿಯಲ್ಲಿ ಬೆಲೆಯನ್ನು ಕೇಳದೆ ಸಾಮಾನ್ಯ ಭಂಡಾರಕ್ಕೆ ಹಿಂದಿರುಗಿಸಿತು. 36ರಿಂದ ಮೊದಲಾಗುವ ಆ ಖಂಡವು 2010ರ ಅಕ್ಟೋಬರಿನಲ್ಲಿ ಏಷ್ಯಾ-ಶಾಂತಸಾಗರ ವಲಯದ ಪಾಲಿಗೆ ಬಂದಿತು. ಅದೇ ದೇಶದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಗೂ ಅಷ್ಟೇ ಪ್ರಮಾಣದ, 18ರಿಂದ ಮೊದಲಾಗುವ ಖಂಡವೊಂದು ಆದಿಯಿಂದ ಇದ್ದಿತು. ಅದರಲ್ಲಿ ಸುಮಾರು 1 ಕೋಟಿ 40 ಲಕ್ಷ ವಿಳಾಸಗಳನ್ನು ತಾನು ಬಳಸಿಯೇ ಇಲ್ಲವೆಂದೂ, 80 ಲಕ್ಷಕ್ಕೆ ಕಡಿಮೆಯಿಲ್ಲದಷ್ಟನ್ನು ಮಾರುವುದಾಗಿಯೂ ಆ ಸಂಸ್ಥೆಯು 2017ರಲ್ಲಿ ಪ್ರಕಟಿಸಿತು. ಅಮೆಜಾನ್ ಕಂಪನಿಯು ಕೊಂಡಿತು.

ಎರಡೂ ಹೆಸರಾಂತ ವಿದ್ಯಾಸಂಸ್ಥೆಗಳು. ಎರಡಕ್ಕೂ ಆ ಸಂಖ್ಯೆಗಳು ದೊರೆತದ್ದು ಹಣ ಕೊಟ್ಟು ಅಲ್ಲ. ಒಂದು ಹಿಂದಿರುಗಿಸಿತು, ಇನ್ನೊಂದು ಮಾರಿತು. ಇದನ್ನು ಒಂದರ ಔದಾರ್ಯವೆಂದೂ ಮತ್ತೊಂದರ ಲೋಭವೆಂದೂ ತೀರ್ಮಾನಿಸುವುದು ಸುಲಭ. ಆದರೆ ಅದು ಚರಿತ್ರೆಯ ತೀರ್ಮಾನವಾಗಲಾರದು. ಈ ಹದಿನೇಳು ವರ್ಷಗಳ ಅಂತರದಲ್ಲಿ ಬದಲಾದದ್ದು ಸಂಸ್ಥೆಗಳ ಸ್ವಭಾವವಲ್ಲ, ನಿಯಮ. ನಿಯಮದೊಡನೆ, ‘ಸಂಖ್ಯೆಯೆಂದರೇನು’ ಎಂಬ ಭಾವನೆ. ಈ ಬದಲಾವಣೆಯು ಅತ್ಯಂತ ಸ್ಪಷ್ಟವಾಗಿ ಗೋಚರಿಸುವುದು ಒಂದು ವಲಯದಿಂದ ಮತ್ತೊಂದು ವಲಯಕ್ಕೆ ಸಂಖ್ಯೆಗಳನ್ನು ವರ್ಗಾಯಿಸುವ ನಿಯಮಗಳಲ್ಲಿ. ಆ ನಿಯಮಗಳ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸಿ, ಅದರಿಂದ ನಾವು ತಿಳಿಯತಕ್ಕುದೇನೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

1. ಸಂಖ್ಯೆಗಳ ಮೊದಲ ಹಂಚಿಕೆ

ಅಂತರ್ಜಾಲಕ್ಕೆ ನೇರವಾಗಿ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆ ಇರಬೇಕು. ಒಂದೇ ಸಂಖ್ಯೆಯು ಏಕಕಾಲದಲ್ಲಿ ಇಬ್ಬರಲ್ಲಿ ಇರಕೂಡದು. ಇದ್ದರೆ ಮಾಹಿತಿಯು ಯಾರನ್ನು ತಲುಪಬೇಕೆಂಬುದು ನಿಶ್ಚಯವಾಗದು. ಇಂದಿಗೂ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯ ಈ ಸಂಖ್ಯಾಕ್ರಮವು 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಒಂದು ತಾಂತ್ರಿಕ ಲೇಖ್ಯದಲ್ಲಿ ನಿರ್ದಿಷ್ಟವಾಯಿತು. ಅದರ ಸಂಪಾದಕ ಜಾನ್ ಪೋಸ್ಟೆಲ್. ಸಂಖ್ಯೆಯ ಉದ್ದ 32 ಬಿಟ್ ಎಂದು ಗೊತ್ತುಮಾಡಿದುದರಿಂದ ಒಟ್ಟು ವಿಳಾಸಗಳು 429 ಕೋಟಿಯ ಸುಮಾರಿಗೆ ಸೀಮಿತವಾದವು. ಕೆಲವು ನೂರು ಯಂತ್ರಗಳಿದ್ದ ಸಂಶೋಧನಾ ಜಾಲವೊಂದಕ್ಕೆ ಇದು ಅಕ್ಷಯವೆಂದೇ ತೋರಿದ್ದರೆ ಆಶ್ಚರ್ಯವಿಲ್ಲ.

ಹಂಚಿಕೆಯು ಮೂರು ಅಳತೆಗಳಲ್ಲಿ ನಡೆಯುತ್ತಿತ್ತು. ದೊಡ್ಡ ಅಳತೆಯದು 1 ಕೋಟಿ 67 ಲಕ್ಷಕ್ಕೂ ಮೇಲ್ಪಟ್ಟ ವಿಳಾಸಗಳು, ನಡುವಣದು 65,536, ಚಿಕ್ಕದು 256. ಈ ಅಳತೆಗಳ ನಡುವೆ ಬೇರೆ ಮೆಟ್ಟಿಲುಗಳಿರಲಿಲ್ಲ. ಸಾವಿರ ಯಂತ್ರಗಳಿದ್ದ ಸಂಸ್ಥೆಗೆ ಚಿಕ್ಕದು ಸಾಲದು, ನಡುವಣದು ವಿಪರೀತ ಹೆಚ್ಚು. ಆದರೂ ನಡುವಣದನ್ನೇ ಕೊಡುತ್ತಿದ್ದರು. ಕೊಟ್ಟವರು ಹಣ ಪಡೆಯಲಿಲ್ಲ, ಪಡೆದವರು ಕರಾರು ಬರೆದುಕೊಡಲಿಲ್ಲ. ಜಾಲವು ಆ ಕಾಲದಲ್ಲಿ ಅಮೆರಿಕದ ಸೇನಾ ಸಂಶೋಧನೆಯ ಮತ್ತು ಅಲ್ಲಿನ ವಿಶ್ವವಿದ್ಯಾನಿಲಯಗಳ ವಲಯದಲ್ಲಿ ಬೆಳೆಯುತ್ತಿದ್ದುದರಿಂದ ದೊಡ್ಡ ಖಂಡಗಳಲ್ಲಿ ಬಹುಪಾಲು ಅಲ್ಲಿನ ಸಂಸ್ಥೆಗಳಿಗೇ ಸಂದವು. ಇದರಲ್ಲಿ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಆದರೆ ಮುಂದಿನ ಎಲ್ಲ ವಿವಾದಕ್ಕೂ ಬೀಜವು ಬಿದ್ದದ್ದು ಇಲ್ಲಿಯೇ. ಮೊದಲು ಬಂದವನಿಗೆ ಅಗತ್ಯಕ್ಕಿಂತ ಹೆಚ್ಚು ದೊರೆಯಿತು. ತಡವಾಗಿ ಬಂದವನ ಕಾಲಕ್ಕೆ ಭಂಡಾರವೇ ತೆಳುವಾಗಿತ್ತು.

2. ವಲಯಗಳ ಉದಯ

ತೊಂಬತ್ತರ ದಶಕದ ಮೊದಲಲ್ಲಿಯೇ ಭಂಡಾರವು ಬರಿದಾಗುವ ಭೀತಿಯು ತಲೆದೋರಿತು. ಅದಕ್ಕೆ ಎರಡು ಉಪಾಯಗಳನ್ನು ಕೈಗೊಂಡರು. ಮೊದಲನೆಯದು, ಮೂರು ಅಳತೆಗಳ ಪದ್ಧತಿಯನ್ನು 1993ರಲ್ಲಿ ಕೈಬಿಟ್ಟು, ಬೇಕಾದ ಗಾತ್ರದ ಖಂಡಗಳನ್ನು ಕೊಡುವ ಪದ್ಧತಿಯನ್ನು ತಂದದ್ದು. ಎರಡನೆಯದು, ಹಂಚಿಕೆಯ ಕಾರ್ಯವನ್ನು ಭೂಭಾಗಗಳಿಗೆ ಅನುಗುಣವಾಗಿ ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಒಪ್ಪಿಸಿದ್ದು. ಯೂರೋಪಿಗೆ ‘ರೈಪ್ ಎನ್‌ಸಿಸಿ’ ಎಂಬ ಸಂಸ್ಥೆಯು 1992ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಆರಂಭವಾಯಿತು. ಏಷ್ಯಾ-ಶಾಂತಸಾಗರ ವಲಯಕ್ಕೆ ‘ಎಪಿನಿಕ್’ 1993ರಲ್ಲಿ ಟೋಕಿಯೋ ನಗರದಲ್ಲಿ ಹುಟ್ಟಿ, 1998ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿಗೆ ಸ್ಥಳಾಂತರವಾಯಿತು. ಉತ್ತರ ಅಮೆರಿಕದ ‘ಏರಿನ್’ 1997ರಲ್ಲಿಯೂ, ಲ್ಯಾಟಿನ್ ಅಮೆರಿಕದ ‘ಲ್ಯಾಕ್‌ನಿಕ್’ 2002ರಲ್ಲಿಯೂ, ಆಫ್ರಿಕದ ‘ಆಫ್ರಿನಿಕ್’ 2005ರಲ್ಲಿಯೂ ಅಸ್ತಿತ್ವಕ್ಕೆ ಬಂದವು. ಇವೆಲ್ಲಕ್ಕೂ ಮೇಲಣ ಮೂಲಭಂಡಾರವು ‘ಐಯಾನಾ’ ಎಂಬ ವ್ಯವಸ್ಥೆಯದು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ವಲಯಗಳ ಎಲ್ಲೆಗಳನ್ನು ಗೆರೆಯೆಳೆದದ್ದು ಸೇವೆಯ ಅನುಕೂಲಕ್ಕಾಗಿ. ಭಾಷೆ, ಕಾಲಮಾನ, ಪ್ರಯಾಣ ಇವುಗಳ ಸೌಕರ್ಯಕ್ಕಾಗಿ. ಲ್ಯಾಟಿನ್ ಅಮೆರಿಕವೂ ಆಫ್ರಿಕದ ದಕ್ಷಿಣಭಾಗವೂ ತಮ್ಮ ಸಂಸ್ಥೆಗಳು ಹುಟ್ಟುವವರೆಗೆ ಏರಿನ್‌ನ ಸೇವೆಯಲ್ಲಿಯೇ ಇದ್ದವು. ಎಲ್ಲೆಯು ರಾಜ್ಯದ ಗಡಿಯಂತೆ ಹಕ್ಕಿನ ಎಲ್ಲೆಯಾಗಿರಲಿಲ್ಲ. ಸಂಖ್ಯೆಗೆ ಸ್ವಭಾವತಃ ಊರೂ ಇಲ್ಲ, ದೇಶವೂ ಇಲ್ಲ. ಒಂದು ವಲಯದಲ್ಲಿ ನೋಂದಾಯಿತವಾದ ಸಂಖ್ಯೆಯನ್ನು ಇನ್ನೊಂದು ವಲಯದ ಯಂತ್ರವು ಬಳಸಲು ತಾಂತ್ರಿಕವಾದ ಅಡ್ಡಿಯಿಲ್ಲ.

ಈ ಹಂಚಿಕೆಯ ತತ್ತ್ವಗಳನ್ನು 1996ರ ನವೆಂಬರಿನ ಮಾರ್ಗದರ್ಶಕ ಲೇಖ್ಯವೊಂದು ಕ್ರೋಡೀಕರಿಸಿತು. ಅದು ಹೇಳಿದ ಗುರಿಗಳು ಮೂರು: ಸಂಖ್ಯೆಗಳನ್ನು ಪೋಲುಮಾಡದೆ ಕಾಪಾಡುವುದು; ಜಾಲದ ಮಾರ್ಗಸೂಚಿಗಳು ಮಿತಿಮೀರಿ ಬೆಳೆಯದಂತೆ ಹಂಚುವುದು; ಯಾವ ಸಂಖ್ಯೆ ಯಾರಲ್ಲಿದೆಯೆಂಬ ದಾಖಲೆಯನ್ನು ಬಹಿರಂಗವಾಗಿ ಇಡುವುದು. ವರ್ಗಾವಣೆಯ ವಿಷಯದಲ್ಲಿ ಆ ಲೇಖ್ಯದ ಮಾತು ಖಚಿತವಾಗಿದೆ. ಒಬ್ಬರಿಂದ ಒಬ್ಬರಿಗೆ ಸಂಖ್ಯೆಗಳು ಹೋಗಬೇಕಾದರೆ ಪ್ರಾದೇಶಿಕ ಸಂಸ್ಥೆಯ ಒಪ್ಪಿಗೆ ಬೇಕು. ಪಡೆಯುವವನು, ಸಂಸ್ಥೆಯಿಂದಲೇ ನೇರವಾಗಿ ಬೇಡುವವನು ತೋರಿಸಬೇಕಾದ ಅಗತ್ಯವನ್ನೇ ತೋರಿಸಬೇಕು. ಇದನ್ನೇ ಮುಂದೆ ‘ಅಗತ್ಯತತ್ತ್ವ’ ಎಂದು ಕರೆಯುತ್ತೇವೆ. ಇದರ ಪ್ರಕಾರ ಸಂಖ್ಯೆಯು ಆಸ್ತಿಯಲ್ಲ, ಬಳಕೆಗೆ ವಹಿಸಿದ ನಿಕ್ಷೇಪ. ಬಳಸುವವರೆಗೆ ಇಟ್ಟುಕೊಳ್ಳಬಹುದು; ಬೇಡವಾದಾಗ ಹಿಂದಿರುಗಿಸಬೇಕು. ಸ್ಟ್ಯಾನ್‌ಫರ್ಡ್ 2000ದಲ್ಲಿ ನಡೆದುಕೊಂಡದ್ದು ಈ ಮರ್ಯಾದೆಗೆ ಅನುಸಾರವಾಗಿ.

ವಲಯದಿಂದ ವಲಯಕ್ಕೆ ಸಂಖ್ಯೆಗಳು ಹೋದ ಮೊದಲ ದೊಡ್ಡ ಪ್ರಸಂಗವು ಮಾರಾಟವಲ್ಲವೆಂಬುದು ಇಲ್ಲಿ ಸ್ಮರಣಾರ್ಹ. ಪ್ರಾದೇಶಿಕ ಸಂಸ್ಥೆಗಳಿಗೆ ಮುಂಚೆ ಹಂಚಿದ್ದ ಸಂಖ್ಯೆಗಳ ದಾಖಲೆಗಳು ಏರಿನ್‌ನಲ್ಲಿಯೇ ಉಳಿದಿದ್ದವು. ಅವುಗಳಲ್ಲಿ ಯೂರೋಪು, ಏಷ್ಯಾ ಮೊದಲಾದ ಕಡೆಯ ಸಂಸ್ಥೆಗಳಿಗೆ ಸೇರಿದವನ್ನು ಆಯಾ ವಲಯಕ್ಕೆ ಒಪ್ಪಿಸುವ ಕಾರ್ಯವು 2002ರ ಅಂತ್ಯದಿಂದ ಕೆಲವು ವರ್ಷ ನಡೆಯಿತು. ಸಂಖ್ಯೆಯು ಇದ್ದವನ ಕೈಯಲ್ಲಿಯೇ ಇತ್ತು, ಚಲಿಸಿದ್ದು ದಾಖಲೆ ಮಾತ್ರ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಜಮೀನು ಬದಲಾಗಲಿಲ್ಲ, ಖಾತೆಯ ಪುಸ್ತಕವು ಒಂದು ತಾಲ್ಲೂಕು ಕಚೇರಿಯಿಂದ ಇನ್ನೊಂದಕ್ಕೆ ಹೋಯಿತು.

3. ಭಂಡಾರ ಬರಿದಾದ ಮೇಲೆ

2011ರ ಫೆಬ್ರವರಿ 3ರಂದು ಐಯಾನಾದ ಮೂಲಭಂಡಾರದಲ್ಲಿ ಕಡೆಗೆ ಉಳಿದಿದ್ದ ಐದು ದೊಡ್ಡ ಖಂಡಗಳನ್ನು, ವಲಯಕ್ಕೆ ಒಂದರಂತೆ, ಐದು ಸಂಸ್ಥೆಗಳಿಗೂ ಸಮನಾಗಿ ಹಂಚಲಾಯಿತು. ಅದೇ ವರ್ಷದ ಏಪ್ರಿಲ್ 15ರಂದು ಎಪಿನಿಕ್ ತನ್ನ ಕೊನೆಯ ಖಂಡವನ್ನು ಮುಟ್ಟಿತು. ರೈಪ್ 2012ರ ಸೆಪ್ಟೆಂಬರಿನಲ್ಲಿ ಅದೇ ಸ್ಥಿತಿಗೆ ಬಂದಿತು. ಏರಿನ್‌ನ ಭಂಡಾರವು 2015ರ ಸೆಪ್ಟೆಂಬರ್ 24ರಂದು ಪೂರ್ಣ ಬರಿದಾಯಿತು. ಆರನೆಯ ಆವೃತ್ತಿಯೆಂಬ, 128 ಬಿಟ್‌ಗಳ ಹೊಸ ಸಂಖ್ಯಾಕ್ರಮವು 1995ರಲ್ಲಿಯೇ ಪ್ರಕಟವಾಗಿದ್ದರೂ ಜಗತ್ತು ಅದಕ್ಕೆ ಬದಲಾಯಿಸಿಕೊಂಡಿರಲಿಲ್ಲ. ಹೊಸದನ್ನು ಮಾತ್ರ ಬಲ್ಲ ಯಂತ್ರವು ಹಳೆಯದನ್ನು ಮಾತ್ರ ಬಲ್ಲ ಯಂತ್ರದೊಡನೆ ನೇರವಾಗಿ ವ್ಯವಹರಿಸಲಾರದು. ಆದಕಾರಣ ಹೊಸದನ್ನು ಅಳವಡಿಸಿಕೊಂಡವನಿಗೂ ಹಳೆಯ ಸಂಖ್ಯೆಗಳ ಅವಶ್ಯಕತೆ ತಪ್ಪಲಿಲ್ಲ.

ಭಂಡಾರ ಬರಿದಾದ ಮೇಲೆ ಸಂಖ್ಯೆಗಳು ದೊರೆಯಬಹುದಾದದ್ದು ಇದ್ದವರಿಂದ ಮಾತ್ರ. ದಿವಾಳಿಯಾಗಿದ್ದ ಕೆನಡದ ನಾರ್ಟೆಲ್ ಕಂಪನಿಯು ತನ್ನಲ್ಲಿದ್ದ 6,66,624 ವಿಳಾಸಗಳನ್ನು 75 ಲಕ್ಷ ಡಾಲರಿಗೆ, ಎಂದರೆ ವಿಳಾಸವೊಂದಕ್ಕೆ 11 ಡಾಲರ್ 25 ಸೆಂಟಿನಂತೆ, ಮೈಕ್ರೋಸಾಫ್ಟಿಗೆ ಮಾರುವ ಏರ್ಪಾಟು 2011ರ ಮಾರ್ಚಿಯಲ್ಲಿ ಪ್ರಕಟವಾಯಿತು. ಅಮೆರಿಕದ ಡೆಲವೇರಿನ ದಿವಾಳಿ ನ್ಯಾಯಾಲಯವು ಅದನ್ನು ಒಪ್ಪಿತು. ಆ ಪ್ರಸಂಗದಲ್ಲಿ ಏರಿನ್ ಸಂಸ್ಥೆಯು ಮಧ್ಯೆ ಪ್ರವೇಶಿಸಿತು. ಮೈಕ್ರೋಸಾಫ್ಟು ಏರಿನ್‌ನೊಡನೆ ನೋಂದಣಿ ಕರಾರನ್ನು ಮಾಡಿಕೊಂಡಿತು. ಹೀಗೆ ಎರಡು ಪಕ್ಷಗಳೂ ತಮ್ಮ ಮಾತನ್ನು ಉಳಿಸಿಕೊಂಡವು. ಕೊಂಡವನು ಬೆಲೆ ಕೊಟ್ಟು ಕೊಂಡ. ನೋಂದಣಿ ಸಂಸ್ಥೆಯು, ‘ಇದು ಮಾರಾಟವಲ್ಲ, ನಮ್ಮ ನಿಯಮಕ್ಕೆ ಒಳಪಟ್ಟ ವರ್ಗಾವಣೆ’ ಎಂದಿತು. ನಮ್ಮ ಅಭಿಪ್ರಾಯದಲ್ಲಿ ಮುಂದಿನ ದಶಕದ ಎಲ್ಲ ವಲಯಾಂತರ ನಿಯಮಗಳೂ ಈ ಎರಡು ಮಾತುಗಳನ್ನು ಒಟ್ಟಿಗೆ ಹೇಳುವ ಪ್ರಯತ್ನಗಳೇ.

4. ಮೂರು ವಲಯಗಳ ನಡುವಣ ಒಪ್ಪಂದ

ವಲಯದ ಒಳಗಿನ ವರ್ಗಾವಣೆಯನ್ನು ರೈಪ್ 2008ರ ಕೊನೆಯಲ್ಲಿಯೂ, ಏರಿನ್ 2009ರಲ್ಲಿಯೂ, ಎಪಿನಿಕ್ 2010ರಲ್ಲಿಯೂ ಅಂಗೀಕರಿಸಿದ್ದವು. ಆದರೆ ಸಂಖ್ಯೆಗಳ ದಾಸ್ತಾನು ಇದ್ದದ್ದು ಬಹುಮಟ್ಟಿಗೆ ಅಮೆರಿಕದಲ್ಲಿ. ಅವುಗಳಿಗೆ ಬೇಡಿಕೆ ಬೆಳೆಯುತ್ತಿದ್ದದ್ದು ಏಷ್ಯಾದಲ್ಲಿ. ಎಲ್ಲೆಯನ್ನು ದಾಟುವ ದಾರಿಯಿಲ್ಲದೆ ಈ ಎರಡೂ ಕೂಡುವಂತಿರಲಿಲ್ಲ.

ಏರಿನ್ ವಲಯದ ನೀತಿಸಭೆಗಳು ಇದಕ್ಕೆ ಒಂದು ಷರತ್ತನ್ನು ಮುಂದಿಟ್ಟವು. ಸಂಖ್ಯೆಗಳು ಹೋಗುವ ವಲಯದ ನಿಯಮವು ಪರಸ್ಪರವಾಗಿರಬೇಕು, ಹೊಂದಿಕೆಯುಳ್ಳದ್ದಾಗಿರಬೇಕು, ಅಗತ್ಯತತ್ತ್ವವನ್ನು ಆಧರಿಸಿರಬೇಕು. ಪರಸ್ಪರವೆಂದರೆ, ಸಂಖ್ಯೆಗಳನ್ನು ತನ್ನೊಳಕ್ಕೆ ಬರಗೊಡುವ ವಲಯವು ಹೊರಕ್ಕೂ ಹೋಗಗೊಡಬೇಕು. ಇಷ್ಟರಲ್ಲಿ ಎಪಿನಿಕ್‌ನ 2010ರ ನಿಯಮವು, ಕೊನೆಯ ಖಂಡವನ್ನು ಮುಟ್ಟಿದ ಮೇಲೆ ಪಡೆಯುವವನ ಅಗತ್ಯವನ್ನು ವಿಚಾರಿಸಬೇಕಾಗಿಲ್ಲವೆಂದು ಹೇಳಿದ್ದಿತು. ಅದರ ತರ್ಕವು ಸರಳವಾದದ್ದು: ಹಣ ತೆತ್ತು ಕೊಳ್ಳುವವನು ಅಗತ್ಯವಿಲ್ಲದೆ ಏಕೆ ಕೊಳ್ಳುತ್ತಾನೆ? ಬೆಲೆಯೇ ಅಗತ್ಯದ ಪ್ರಮಾಣ. ಆದರೆ ಆ ನಿಯಮವಿದ್ದರೆ ಏರಿನ್‌ನ ಬಾಗಿಲು ತೆರೆಯದು. ಆದುದರಿಂದ ಎಪಿನಿಕ್ ವಲಯದವರು 2011ರಲ್ಲಿ ಅಗತ್ಯದ ಪರೀಕ್ಷೆಯನ್ನು ಮರಳಿ ತಂದರು. ಏರಿನ್‌ನ ವಲಯಾಂತರ ನಿಯಮವು 2012ರ ಜುಲೈ 31ರಂದು ಜಾರಿಗೆ ಬಂದಿತು. ಸಂಖ್ಯೆಗಳು ಎಲ್ಲೆಯನ್ನು ದಾಟತೊಡಗಿದವು.

ಕ್ರಮವು ಸ್ಥೂಲವಾಗಿ ಹೀಗಿದೆ. ಕೊಡುವವನು ನಿಜವಾದ ಹಕ್ಕುದಾರನೇ, ಆ ಖಂಡದ ಮೇಲೆ ವ್ಯಾಜ್ಯವಿದೆಯೇ ಎಂಬುದನ್ನು ಅವನ ವಲಯದ ಸಂಸ್ಥೆಯು ಪರೀಕ್ಷಿಸುತ್ತದೆ. ಪಡೆಯುವವನ ಅಗತ್ಯವನ್ನು ಅವನ ವಲಯದ ಸಂಸ್ಥೆಯು, ಸಾಮಾನ್ಯವಾಗಿ ಮುಂದಿನ 24 ತಿಂಗಳ ಬಳಕೆಯ ಯೋಜನೆಯನ್ನು ನೋಡಿ, ನಿರ್ಣಯಿಸುತ್ತದೆ. 256 ವಿಳಾಸಗಳಿಗಿಂತ ಚಿಕ್ಕ ಖಂಡವನ್ನು ವರ್ಗಾಯಿಸುವಂತಿಲ್ಲ. ಎರಡು ಸಂಸ್ಥೆಗಳೂ ಒಪ್ಪಿದ ಮೇಲೆ ದಾಖಲೆಯು ಒಂದು ಪುಸ್ತಕದಿಂದ ಅಳಿದು ಇನ್ನೊಂದರಲ್ಲಿ ಏರುತ್ತದೆ. ಬೆಲೆಯು ಇಬ್ಬರು ವ್ಯವಹಾರಸ್ಥರ ನಡುವಣ ಮಾತು. ನೋಂದಣಿ ಸಂಸ್ಥೆಯು ಅದನ್ನು ಗೊತ್ತುಪಡಿಸುವುದಿಲ್ಲ.

ಯೂರೋಪು ಮಾತ್ರ ಬೇರೆ ದಾರಿಯನ್ನು ಹಿಡಿಯಿತು. ಭಂಡಾರವೇ ಇಲ್ಲದ ಮೇಲೆ ಅಗತ್ಯವನ್ನು ಅಳೆಯುವುದು ವ್ಯರ್ಥವಾದ ಕಾಗದದ ಕೆಲಸವೆಂದು ಭಾವಿಸಿ ರೈಪ್ ವಲಯವು 2014ರಲ್ಲಿ ಆ ಪರೀಕ್ಷೆಯನ್ನು ತೆಗೆದುಹಾಕಿತು. ಆದರೆ ಅಮೆರಿಕದ ಸಂಖ್ಯೆಗಳು ಅಲ್ಲಿಗೂ ಬೇಕಾಗಿದ್ದವು. ಕಡೆಗೆ 2015ರಲ್ಲಿ ಒಂದು ಸಂಧಾನವಾಯಿತು. ಅಗತ್ಯತತ್ತ್ವವನ್ನು ಪಾಲಿಸುವ ವಲಯದಿಂದ ಸಂಖ್ಯೆಗಳನ್ನು ತರುವವನು, ಅವುಗಳಲ್ಲಿ ಅರ್ಧದಷ್ಟನ್ನಾದರೂ ಐದು ವರ್ಷಗಳೊಳಗೆ ಬಳಸುವ ಯೋಜನೆಯೊಂದನ್ನು ಬರೆದುಕೊಡಬೇಕು. ಬೇರೆ ಸಂದರ್ಭಗಳಲ್ಲಿ ಏನನ್ನೂ ಬರೆದುಕೊಡಬೇಕಾಗಿಲ್ಲ. ಈ ಒಂದು ವಾಕ್ಯದಲ್ಲಿ ಇಡೀ ಚರಿತ್ರೆಯು ಅಡಗಿದೆಯೆಂದು ನಮಗೆ ತೋರುತ್ತದೆ. 1996ರಲ್ಲಿ ಅಗತ್ಯವೆಂಬುದು ಹಂಚಿಕೆಯ ಆಧಾರವಾಗಿತ್ತು. ಬೇಡುವವರ ನಡುವೆ ಯಾರಿಗೆ ಎಷ್ಟು ಎಂಬುದನ್ನು ಅದು ನಿರ್ಧರಿಸುತ್ತಿತ್ತು. 2015ರ ಹೊತ್ತಿಗೆ ಅದು ಎಲ್ಲೆಯಲ್ಲಿ ತೋರಿಸಬೇಕಾದ ರಹದಾರಿಯಾಯಿತು. ಯಾರಿಗೆ ಎಷ್ಟೆಂಬುದನ್ನು ನಿರ್ಧರಿಸತೊಡಗಿದ್ದು ಬೆಲೆ. ಪದವು ಉಳಿಯಿತು, ಅದರ ಅಧಿಕಾರವು ಹೋಯಿತು.

ನಮ್ಮ ಭೂಚರಿತ್ರೆಯನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಸೇವೆಯ ಸಲುವಾಗಿ ಕೊಟ್ಟ ಉಂಬಳಿಯು, ಸೇವೆ ನಿಂತ ಮೇಲೂ ಮನೆತನದ ಕೈಯಲ್ಲಿಯೇ ಉಳಿದು, ಕ್ರಮೇಣ ಸ್ವಂತ ಸ್ವತ್ತೆಂದೇ ಪರಿಗಣಿತವಾಗುವುದುಂಟು. ಪತ್ರಗಳಲ್ಲಿ ಮಾತ್ರ ಉಂಬಳಿಯೆಂಬ ಹೆಸರು ಹಾಗೆಯೇ ಮುಂದುವರಿಯುತ್ತದೆ. ಪದವನ್ನು ನೋಡಿ ಸಂಬಂಧವು ಬದಲಾಗಿಲ್ಲವೆಂದು ತೀರ್ಮಾನಿಸುವ ವಿದ್ಯಾರ್ಥಿಯು ಮೋಸಹೋಗುತ್ತಾನೆ.

5. ದಕ್ಷಿಣದ ಎರಡು ವಲಯಗಳು

ಉಳಿದ ಎರಡು ವಲಯಗಳ ಅನುಭವವು ಬೇರೆಯಾದದ್ದು. ವಿಷಯದ ನೈತಿಕ ಭಾರವು ಅಲ್ಲಿಯೇ ಹೆಚ್ಚು.

ಲ್ಯಾಟಿನ್ ಅಮೆರಿಕದಲ್ಲಿಯೂ ಆಫ್ರಿಕದಲ್ಲಿಯೂ ಒಂದು ಭಯವಿದ್ದಿತು. ಬಾಗಿಲು ತೆರೆದರೆ, ಹಣವಿರುವ ವಲಯಗಳು ತಮ್ಮ ಪಾಲಿನ ಸಂಖ್ಯೆಗಳನ್ನು ಕೊಂಡೊಯ್ಯುತ್ತವೆ. ಮುಂದೆ ತಮ್ಮ ಜನ ಜಾಲಕ್ಕೆ ಬರುವ ಕಾಲಕ್ಕೆ ಅಲ್ಲಿ ಏನೂ ಉಳಿದಿರದು. ಆದುದರಿಂದ ಒಳಕ್ಕೆ ಬರುವುದು ಮಾತ್ರ ಸಾಧ್ಯವಾಗಲಿ, ಹೊರಕ್ಕೆ ಹೋಗುವುದು ಬೇಡ ಎಂಬ ಏಕಮುಖ ನಿಯಮದ ಸಲಹೆಗಳು ಎರಡು ಕಡೆಯೂ ಬಂದವು. ಆದರೆ ಏರಿನ್‌ನ ಪರಸ್ಪರತೆಯ ಷರತ್ತು ಇದಕ್ಕೆ ಅಡ್ಡವಾಯಿತು. ಆ ಷರತ್ತನ್ನು ಸಡಿಲಿಸಬೇಕೆಂಬ ಸಲಹೆಯು 2017ರಲ್ಲಿ ಏರಿನ್ ವಲಯದಲ್ಲಿಯೇ ಚರ್ಚೆಗೆ ಬಂದಿತಾದರೂ ಅಂಗೀಕೃತವಾಗಲಿಲ್ಲ. ಪರಸ್ಪರತೆಯೆಂಬುದು ಕೇಳುವುದಕ್ಕೆ ಸಮಾನತೆಯ ಮಾತು. ಆದರೆ ಒಂದು ಕಡೆ 160 ಕೋಟಿಯಷ್ಟು ಸಂಖ್ಯೆಗಳಿರುವ ದೇಶವೂ ಇನ್ನೊಂದು ಕಡೆ ಅದರಲ್ಲಿ ಅತ್ಯಲ್ಪ ಭಾಗವಿರುವ ಖಂಡಗಳೂ ಇರುವಾಗ, ಒಂದೇ ನಿಯಮವು ಇಬ್ಬರಿಗೂ ಒಂದೇ ಫಲವನ್ನು ಕೊಡಲಾರದು. ಇದನ್ನು ಆಫ್ರಿಕದ ವಾದಿಗಳು ಹೇಳಿದಾಗ ಅದು ಕೇವಲ ಭಾವಾವೇಶವಾಗಿರಲಿಲ್ಲ.

ಲ್ಯಾಕ್‌ನಿಕ್ ಕಡೆಗೆ ಉಭಯಮುಖ ನಿಯಮವನ್ನೇ ಒಪ್ಪಿ 2020ರ ಜುಲೈಯಲ್ಲಿ ಅದನ್ನು ಜಾರಿಗೆ ತಂದಿತು. ಮರುತಿಂಗಳೇ ಅದರ ಭಂಡಾರವು ಬರಿದಾಯಿತು. ಆಫ್ರಿನಿಕ್‌ನಲ್ಲಿ ಮಾತ್ರ, ಮಿಕ್ಕ ವಲಯಗಳು ಬರಿದಾದ ಮೇಲೂ, ಭಂಡಾರದಲ್ಲಿ ಸಂಖ್ಯೆಗಳು ಉಳಿದಿದ್ದವು. ಅಲ್ಲಿ ಪರಸ್ಪರ ವಿರುದ್ಧವಾದ ಕರಡುಗಳು ಹಲವು ಬಂದವು. 2020ರಲ್ಲಿ ಒಂದು ಕರಡು ಒಮ್ಮತವನ್ನು ಪಡೆಯಿತೆಂದು ಘೋಷಿತವಾಯಿತು. ಅದರ ಮೇಲೆ ಮೇಲ್ಮನವಿ ಸಲ್ಲಿತು. ಅದು ಜಾರಿಗೆ ಬರಲಿಲ್ಲ.

ಹಾಗಾದರೆ, ಬಾಗಿಲು ಮುಚ್ಚಿದ್ದರಿಂದ ಸಂಖ್ಯೆಗಳು ಆಫ್ರಿಕದಲ್ಲಿಯೇ ಉಳಿದವೇ? ಚರಿತ್ರೆಯು ಹೌದೆನ್ನುವುದಿಲ್ಲ. ಆಫ್ರಿನಿಕ್‌ನ ದಾಖಲೆಗಳನ್ನೇ ತಿದ್ದಿ ಸುಮಾರು 40 ಲಕ್ಷ ವಿಳಾಸಗಳನ್ನು ಅಕ್ರಮವಾಗಿ ಕಬಳಿಸಿದ್ದ ಸಂಗತಿಯು 2019ರಲ್ಲಿ ಬಯಲಾಯಿತು. ಇದಕ್ಕಿಂತ ಬೇರೆಯಾದ ಇನ್ನೊಂದು ವ್ಯಾಜ್ಯವೂ ಹುಟ್ಟಿತು. 2013ರಿಂದ 2016ರ ಅವಧಿಯಲ್ಲಿ ಒಂದು ಕಂಪನಿಗೆ ಸುಮಾರು 62 ಲಕ್ಷ ವಿಳಾಸಗಳು ಆಫ್ರಿನಿಕ್‌ನಿಂದಲೇ ದೊರೆತಿದ್ದವು. ಅವುಗಳ ಬಳಕೆಯು ಬಹುಮಟ್ಟಿಗೆ ವಲಯದ ಹೊರಗೆ ನಡೆಯುತ್ತಿದೆಯೆಂದು ಆಕ್ಷೇಪಿಸಿ, 2021ರಲ್ಲಿ ಆಫ್ರಿನಿಕ್ ಅವನ್ನು ಹಿಂದಕ್ಕೆ ಪಡೆಯಲು ಯತ್ನಿಸಿತು. ಕಂಪನಿಯು ಮಾರಿಷಸ್ಸಿನ ನ್ಯಾಯಾಲಯಕ್ಕೆ ಹೋಯಿತು. ಆ ವರ್ಷದ ಜುಲೈಯಲ್ಲಿ ಆಫ್ರಿನಿಕ್‌ನ ಬ್ಯಾಂಕು ಖಾತೆಗಳನ್ನೇ ನ್ಯಾಯಾಲಯವು ತಡೆಹಿಡಿಯಿತು. ವ್ಯಾಜ್ಯದ ಮೇಲೆ ವ್ಯಾಜ್ಯ ಬೆಳೆದು, 2023ರ ಸೆಪ್ಟೆಂಬರಿನಲ್ಲಿ ಸಂಸ್ಥೆಯ ಆಡಳಿತವು ನ್ಯಾಯಾಲಯವು ನೇಮಿಸಿದ ಅಧಿಕಾರಿಯ ಕೈಗೆ ಹೋಯಿತು. ಹೊಸ ಆಡಳಿತ ಮಂಡಳಿಯು ಚುನಾಯಿತವಾದದ್ದು 2025ರ ಸೆಪ್ಟೆಂಬರಿನಲ್ಲಿ.

ಈ ವೃತ್ತಾಂತದಲ್ಲಿ ನ್ಯಾಯವು ಯಾರ ಕಡೆಗಿದೆಯೆಂಬುದನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ನಮಗೆ ಮುಖ್ಯವಾದದ್ದು ಇಷ್ಟು: ನೋಂದಣಿಯ ಎಲ್ಲೆಯು ಮುಚ್ಚಿದ್ದರೂ ಬಳಕೆಗೆ ಎಲ್ಲೆಯಿರಲಿಲ್ಲ. ಮಾರಾಟಕ್ಕೆ ದಾರಿಯಿಲ್ಲದ ಕಡೆ ಗುತ್ತಿಗೆಯು ದಾರಿಯನ್ನು ಮಾಡಿಕೊಂಡಿತು. ಗುತ್ತಿಗೆ ಕೊಟ್ಟಾಗ ದಾಖಲೆಯಲ್ಲಿ ಹೆಸರು ಬದಲಾಗುವುದಿಲ್ಲ. ಪುಸ್ತಕದಲ್ಲಿ ಒಬ್ಬನು, ಬಳಕೆಯಲ್ಲಿ ಇನ್ನೊಬ್ಬನು. ಸಂರಕ್ಷಣೆಗಾಗಿ ಮುಚ್ಚಿದ ಬಾಗಿಲು ಸಂಖ್ಯೆಗಳನ್ನು ತಡೆಯಲಿಲ್ಲ. ಅವು ಹೋದ ದಾರಿಯನ್ನು ಮರೆಮಾಡಿತು, ಅಷ್ಟೆ.

6. ಭಾರತದ ಸ್ಥಿತಿ

ಭಾರತವು ಎಪಿನಿಕ್ ವಲಯಕ್ಕೆ ಸೇರಿದೆ. ಅದರ ಅಧೀನದಲ್ಲಿ ‘ಐರಿನ್’ ಎಂಬ ರಾಷ್ಟ್ರೀಯ ನೋಂದಣಿ ವಿಭಾಗವು 2012ರಿಂದ ಕಾರ್ಯನಿರ್ವಹಿಸುತ್ತಿದೆ. ಇದು ಮೇಲೆ ಹೇಳಿದ ಅಮೆರಿಕದ ಏರಿನ್‌ನಿಂದ ಬೇರೆಯಾದದ್ದೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ದೇಶದ ಪಾಲಿಗಿರುವ ನಾಲ್ಕನೆಯ ಆವೃತ್ತಿಯ ಸಂಖ್ಯೆಗಳು ನಾಲ್ಕು ಕೋಟಿಯ ಆಸುಪಾಸಿನವು. ಜನಸಂಖ್ಯೆಯಾದರೋ 140 ಕೋಟಿಗೂ ಮೇಲೆ.

ಎಪಿನಿಕ್ ತನ್ನ ಕೊನೆಯ ಖಂಡವನ್ನು ಹೊಸಬರಿಗಾಗಿ ಕಾದಿಟ್ಟು, ಸದಸ್ಯನೊಬ್ಬನಿಗೆ 1,024 ವಿಳಾಸಗಳಿಗೆ ಮೀರದಂತೆ ಕೊಡುತ್ತಿತ್ತು. 2019ರಲ್ಲಿ ಆ ಮಿತಿಯನ್ನು 512ಕ್ಕೆ ಇಳಿಸಿತು. ಜಿಲ್ಲಾಕೇಂದ್ರವೊಂದರಲ್ಲಿ ಕೆಲವು ಸಾವಿರ ಮನೆಗಳಿಗೆ ಅಂತರ್ಜಾಲವನ್ನು ಒದಗಿಸುವ ಒಬ್ಬ ಚಿಕ್ಕ ಸೇವಾದಾರನನ್ನು ಕಲ್ಪಿಸಿಕೊಳ್ಳೋಣ. ಅವನಿಗೆ ಭಂಡಾರದಿಂದ ಬರುವುದು 512. ಮಿಕ್ಕದ್ದನ್ನು ಅವನು ಪೇಟೆಯಲ್ಲಿ ಕೊಳ್ಳಬೇಕು, ಇಲ್ಲವೆ ಒಂದೇ ಸಂಖ್ಯೆಯನ್ನು ಹಲವು ಮನೆಗಳಿಗೆ ಹಂಚಿ ನಡೆಸಬೇಕು. 2021ರ ಕೊನೆಯ ಹೊತ್ತಿಗೆ ವಿಳಾಸದ ಬೆಲೆಯು 50 ಡಾಲರಿನ ಸುಮಾರಿಗೆ ಏರಿತ್ತು. ಆ ದರದಲ್ಲಿ 256 ವಿಳಾಸಗಳ ಅತಿ ಚಿಕ್ಕ ಖಂಡಕ್ಕೆ 12,800 ಡಾಲರ್ ತೆರಬೇಕು. ತರುವಾಯ ಬೆಲೆಯು ಇಳಿದಿದೆಯಾದರೂ ತತ್ತ್ವವು ಬದಲಾಗಿಲ್ಲ. ಎಂಬತ್ತರ ದಶಕದಲ್ಲಿ ಬಂದವನಿಗೆ ಕೋಟಿಗಟ್ಟಲೆ ಧರ್ಮಾರ್ಥವಾಗಿ ದೊರೆತದ್ದನ್ನು, ಮೂವತ್ತು ವರ್ಷ ತಡವಾಗಿ ಬಂದವನು ಬೆಲೆ ತೆತ್ತು ಕೊಳ್ಳುತ್ತಾನೆ. ಆ ಹಣವು ಮೊದಲು ಬಂದವನಿಗೆ ಸಲ್ಲುತ್ತದೆ.

ಈ ಇಕ್ಕಟ್ಟು ನಮ್ಮಲ್ಲಿ ಒಂದು ಒಳ್ಳೆಯ ಪರಿಣಾಮಕ್ಕೂ ಕಾರಣವಾಯಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 2016ರಲ್ಲಿ ಸೇವೆಯನ್ನು ಆರಂಭಿಸಿದ ಜಿಯೋ ಮೊದಲಾದ ದೊಡ್ಡ ದೂರವಾಣಿ ಕಂಪನಿಗಳು ಆರನೆಯ ಆವೃತ್ತಿಯನ್ನು ವ್ಯಾಪಕವಾಗಿ ಅಳವಡಿಸಿಕೊಂಡುದರಿಂದ, ಭಾರತದ ಅಂತರ್ಜಾಲ ಬಳಕೆಯಲ್ಲಿ ಅರ್ಧಕ್ಕೂ ಹೆಚ್ಚು ಭಾಗವು ಈಗ ಹೊಸ ಸಂಖ್ಯೆಗಳ ಮೂಲಕ ನಡೆಯುತ್ತಿದೆ. ಹಳೆಯ ಸಂಪತ್ತು ಇಲ್ಲದವನು ಹೊಸ ದಾರಿಯನ್ನು ಬೇಗನೆ ಹಿಡಿಯುತ್ತಾನೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ, ಬೆಲೆಯು ಬಂದದ್ದೇ ಕೇಡೆಂದು ನಾವು ಹೇಳುತ್ತಿಲ್ಲ. ಮ್ಯಾಸಚೂಸೆಟ್ಸ್ ಸಂಸ್ಥೆಯ 1 ಕೋಟಿ 40 ಲಕ್ಷ ವಿಳಾಸಗಳು ದಶಕಗಳ ಕಾಲ ನಿಷ್ಫಲವಾಗಿ ಬಿದ್ದಿದ್ದವು. ಅಗತ್ಯತತ್ತ್ವವು ಪುಸ್ತಕದಲ್ಲಿ ಇದ್ದರೂ ಅವುಗಳನ್ನು ಹೊರಕ್ಕೆ ತರಲಾಗಲಿಲ್ಲ. ಬೆಲೆಯು ತಂದಿತು. ಆದಿಕಾಲದಲ್ಲಿ ಪಡೆದವರೊಡನೆ ಕರಾರೇ ಇರಲಿಲ್ಲವಾದುದರಿಂದ ‘ಹಿಂದಿರುಗಿಸು’ ಎಂದು ಬಲಾತ್ಕರಿಸುವ ಅಧಿಕಾರವೂ ಯಾರಿಗೂ ಸ್ಪಷ್ಟವಾಗಿ ಇರಲಿಲ್ಲ. ಆ ಕಾಲದ ಮರ್ಯಾದೆಯು ಪರಸ್ಪರ ಪರಿಚಯವಿದ್ದ ಒಂದು ಚಿಕ್ಕ ಸಮುದಾಯದ ನಂಬಿಕೆಯ ಮೇಲೆ ನಿಂತಿತ್ತು. ಸಮುದಾಯವು ಜಗತ್ತಿನಷ್ಟು ದೊಡ್ಡದಾದಾಗ ಆ ನಂಬಿಕೆಯೊಂದೇ ಸಾಲದೆ ಹೋಯಿತು.

ಆದರೆ ಬೆಲೆಯು ಒಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳಬಲ್ಲುದು: ಬಿದ್ದಿರುವ ಸಂಖ್ಯೆಯು ಬಳಕೆಗೆ ಹೇಗೆ ಬರಬೇಕು? ಮೊದಲ ಹಂಚಿಕೆಯ ಅಸಮಾನತೆಗೆ ಯಾರು ಹೊಣೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ವಲಯಾಂತರ ನಿಯಮಗಳನ್ನು ಮಾಡಿದವರು ಈ ಎರಡನೆಯ ಪ್ರಶ್ನೆಯನ್ನು ಎದುರಿಸಲಿಲ್ಲ. ಅಗತ್ಯವೆಂಬ ಹಳೆಯ ಪದವನ್ನು ಉಳಿಸಿಕೊಂಡು, ಅದು ಎದುರಿಸಲ್ಪಟ್ಟಿತೆಂಬ ಭಾವನೆಯನ್ನು ಉಳಿಸಿದರು. ಏಕಮುಖ ನಿಯಮವನ್ನು ಕೇಳಿದ ದಕ್ಷಿಣದ ವಲಯಗಳು ಎತ್ತಿದ್ದು ಈ ಪ್ರಶ್ನೆಯನ್ನೇ. ಅವರಿಗೆ ದೊರೆತದ್ದು ಪರಸ್ಪರತೆಯ ಉತ್ತರ.

ಇಂದು ಯಾವ ನೋಂದಣಿ ಸಂಸ್ಥೆಗೂ ಹಂಚುವುದಕ್ಕೆ ಹೆಚ್ಚೇನೂ ಉಳಿದಿಲ್ಲ. ಉಳಿದಿರುವುದು ಪುಸ್ತಕ. ಯಾವ ಸಂಖ್ಯೆ ಯಾರಲ್ಲಿದೆ, ಅದು ಯಾರಿಂದ ಬಂದಿತು, ಎಂದು ಬಂದಿತು ಎಂಬುದನ್ನು ತಪ್ಪಿಲ್ಲದೆ ಬರೆದಿಡುವುದೇ ಅವುಗಳ ಮುಖ್ಯ ಕರ್ತವ್ಯ. 1996ರ ಮೂರು ಗುರಿಗಳಲ್ಲಿ ಕೊನೆಯದಾಗಿ ಬರೆದದ್ದು ಈಗ ಮೊದಲನೆಯದಾಗಿದೆ. ಬಾಗಿಲು ತೆರೆದಿರಲಿ ಮುಚ್ಚಿರಲಿ, ದಾಖಲೆಯು ಬಳಕೆಯನ್ನು ಅನುಸರಿಸದಿದ್ದರೆ ವಂಚನೆಗೆ ಎಡೆಯಾಗುತ್ತದೆಂಬುದಕ್ಕೆ ಆಫ್ರಿನಿಕ್‌ನ ವೃತ್ತಾಂತವೇ ಸಾಕ್ಷಿ.

ಈ ಪುಸ್ತಕಗಳೂ ನೀತಿಸಭೆಗಳ ಕರಡುಗಳೂ ಬಹಿರಂಗವಾಗಿ ದೊರೆಯುತ್ತವೆ. ಶಾಸನಗಳನ್ನು ಓದುವ ಶಿಸ್ತನ್ನು ಕಲಿತ ವಿದ್ಯಾರ್ಥಿಯು, ಕೊಟ್ಟವರಾರು, ಪಡೆದವರಾರು, ಯಾವ ಷರತ್ತಿನ ಮೇಲೆ, ಸಾಕ್ಷಿ ಯಾರು ಎಂದು ಕೇಳುವ ಆ ಅಭ್ಯಾಸದಿಂದಲೇ ಇವನ್ನೂ ಓದಬಲ್ಲನು. ಸ್ಟ್ಯಾನ್‌ಫರ್ಡ್ ಹಿಂದಿರುಗಿಸಿದ ಖಂಡದ ಎದುರಿಗೆ ಮೂಲಭಂಡಾರದ ದಾಖಲೆಯಲ್ಲಿ ಇಂದು ಇರುವುದು ಒಂದೇ ಸಾಲು: ಖಂಡ 36, ಎಪಿನಿಕ್, 2010ರ ಅಕ್ಟೋಬರ್. ಕೊಟ್ಟವರ ಹೆಸರು ಆ ಸಾಲಿನಲ್ಲಿಲ್ಲ.